ಹುಬ್ಬಿಲ್ಲದ ಲೆನ್ಸು

“ಗುರುಗಳೇ, ಉಪ್ಪು ಬಿಟ್ಟೆ. ಹಾಸಿಗೆ ಬಿಟ್ಟೆ. ಮಧ್ಯಾಹ್ನದವರೆಗೆ ಮಾತೂ ಬಿಟ್ಟೆ. ನನ್ನ ವೈರಾಗ್ಯ ನೋಡಲು ನಾಲ್ಕೂರಿನ ಜನ ಬರುತ್ತಾರೆ. ಆದರೂ ಕಣ್ಣು ಮುಚ್ಚಿ ಕೂತರೆ ಒಳಗೆ ಬರೀ ಮಬ್ಬು. ಏಕೆ?” ಎಂದು ಚನ್ನವೀರ ಕೇಳಿದ. ಗುರುಗಳ ಬಳಿಗೆ ಬಂದು ಅವನಿಗೆ ಹನ್ನೆರಡು ವರ್ಷವಾಗಿತ್ತು. ಇಂದು ಉತ್ತರ ಸಿಗದಿದ್ದರೆ ಹೊರಡುವುದೆಂದು ಗಂಟು ಕಟ್ಟಿಟ್ಟಿದ್ದ.

ಗುರುಗಳಿಗೆ ಓದು ಬರಹ ಬಾರದು. ಕತೆ ಬರುತ್ತಿತ್ತು. ಮೀಸೆ ತೀಡಿಕೊಂಡು, “ಇದು ನಾನು ಕಣ್ಣಾರೆ ಕಂಡದ್ದು. ಸುಳ್ಳಾದರೆ ಈ ಮೀಸೆ ನಿನ್ನದು” ಎಂದು ಶುರುಮಾಡಿದರು.

ಒಬ್ಬ ಫೋಟೋದವನಿದ್ದ. ಅವನ ಬಳಿ ದೂರದ್ದನ್ನು ಹತ್ತಿರ ತರುವ ಹಳೆಯ ಲೆನ್ಸು ಇತ್ತು. ಅದೆಷ್ಟು ಉದ್ದವೆಂದರೆ, ತುದಿಯಲ್ಲಿ ಕಾಗೆ ಕೂತರೆ ಅವನಿಗೆ ಮರುದಿನ ತಿಳಿಯುತ್ತಿತ್ತು. ಆದರೆ ಅದರ ಮುಂದೆ ಸಿಕ್ಕಿಸುವ ಹುಡ್ಡು, ಬಿಸಿಲು ತಡೆಯುವ ಕೊಳವೆ, ಎಂದೋ ಕಳೆದುಹೋಗಿತ್ತು. ಅಷ್ಟು ಹಳೆಯ ಮಾಲಿಗೆ ಯಾವ ಅಂಗಡಿಯಲ್ಲೂ ಹುಡ್ಡು ಸಿಗದು.

ಅವನ ಊರಿನ ಕೆರೆಯನ್ನು ಮುಚ್ಚಲು ಅಪ್ಪಣೆಯಾಯಿತು. ಪ್ರತಿವರ್ಷ ಹಿಮದ ನಾಡಿನಿಂದ ಸಾವಿರಾರು ಹಕ್ಕಿ ಬಂದಿಳಿಯುವ ಕೆರೆ ಅದು. ದೂರದ ಪಟ್ಟಣದ ಅಧಿಕಾರಿ, “ಹಕ್ಕಿಗಳ ಪಟ ತನ್ನಿ, ನಿಲ್ಲಿಸುತ್ತೇನೆ” ಎಂದ. ಹಕ್ಕಿಗಳು ಹೊರಡಲು ಮೂರೇ ದಿನವಿತ್ತು.

ಅವು ಏಳುತ್ತಿದ್ದುದು ಹೊತ್ತು ಹುಟ್ಟುವ ದಿಕ್ಕಿನಲ್ಲಿ. ಆಚೆ ದಡಕ್ಕೆ ಹೋಗೋಣವೆಂದರೆ ಸೊಂಟಮಟ್ಟ ಕೆಸರು. ಮೊದಲ ಮುಂಜಾನೆ ಎದುರು ಬಿಸಿಲು ಗಾಜಿಗೆ ಬಡಿದು, ತೆಗೆದ ಪಟವೆಲ್ಲ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಕುರಿಗಾರ ಹುಬ್ಬಿಗೆ ಕೈ ಅಡ್ಡ ಹಿಡಿದು, “ಬಲಗಡೆ ಮೂರನೆಯದಕ್ಕೆ ಕಾಲು ಸೊಟ್ಟ” ಎಂದ.

“ನನ್ನ ಲೆನ್ಸಿಗೆ ಕಾಣದ್ದು ನಿನಗೆ ಹೇಗಪ್ಪಾ ಕಂಡಿತು?”

“ನಿಮ್ಮ ಲೆನ್ಸಿಗೆ ಹುಬ್ಬಿಲ್ಲವಲ್ಲ ಸಾಹೇಬ್ರೇ!”

ಫೋಟೋದವನು ಮನೆಗೆ ಹೋಗಿ ತುಪ್ಪದ ಡಬ್ಬಿಯ ತಳ ಕತ್ತರಿಸಿ ಕೊಳವೆ ಮಾಡಿದ. ಬಟ್ಟೆ ಸುತ್ತಿ ಲೆನ್ಸಿಗೆ ಬಿಗಿಯಾಗಿ ಕೂರಿಸಿದ. ಕೈಕೆಲಸದಲ್ಲಿ ಅವನಿಗೆ ಹೆಮ್ಮೆ. ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ಉಜ್ಜಿದ. ಡಬ್ಬಿಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಊರವರು ಭೇಷ್ ಎಂದರು.

ಎರಡನೆಯ ಮುಂಜಾನೆ ಪಟ ಇನ್ನೂ ಕೆಟ್ಟಿತು. ಒಬ್ಬ ಸೂರ್ಯ ಡಬ್ಬಿಯೊಳಗೆ ನೂರು ಸೂರ್ಯನಾಗಿದ್ದ.

ಕುರಿಗಾರ ಡಬ್ಬಿಯೊಳಗೆ ಇಣುಕಿ ನಕ್ಕ. “ಕಣ್ಣಿಗೆ ಕೈ ಅಡ್ಡ ಹಿಡಿದವರು ಅಂಗೈಯಲ್ಲಿ ಕನ್ನಡಿ ಇಟ್ಟುಕೊಂಡಿದ್ದೀರಲ್ಲ ಸಾಹೇಬ್ರೇ!” ಎಂದು ಹೆಗಲ ಮೇಲಿನ ಕರಿಕಂಬಳಿಯ ಅಂಚನ್ನು ಪರ್ರನೆ ಹರಿದುಕೊಟ್ಟ. ಕುರಿಗಾರರು ದೇವರ ಗದ್ದುಗೆಗೂ ಹಾಸುವಂಥ ಕಂಬಳಿ. ಅದನ್ನು ಹರಿಯುವವರು ಯಾರೂ ಇಲ್ಲ. ಫೋಟೋದವನು ಅದನ್ನು ಕಣ್ಣಿಗೊತ್ತಿಕೊಂಡು ಡಬ್ಬಿಯ ಒಳಗೋಡೆಗೆ ಅಂಟಿಸಿದ. ಹೊಳಪೆಲ್ಲ ಮುಚ್ಚಿಹೋಯಿತು.

ಮೂರನೆಯ ಮುಂಜಾನೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕೆರೆಯೇ ನೀರು ಬಿಟ್ಟು ಮೇಲೆದ್ದಂತಾಯಿತು. ಫೋಟೋದವನು ಗುಂಡಿ ಒತ್ತಿದ. ಪಟದಲ್ಲಿ ಒಂದೊಂದು ಗರಿಯೂ ಎಣಿಸುವಂತಿತ್ತು. ಸೊಟ್ಟಗಾಲಿನದೂ ಇತ್ತು. ಅಧಿಕಾರಿಯ ಮೇಜಿನ ಮೇಲೆ ಅದನ್ನು ಇಟ್ಟಾಗ ರೆಕ್ಕೆಯ ಗಾಳಿಗೆ ಕಾಗದಗಳೆಲ್ಲ ಹಾರಿದವು. ಕೆರೆ ಮುಚ್ಚುವ ಅಪ್ಪಣೆಯೂ ಕಿಟಕಿಯಿಂದಾಚೆ ಹೋಯಿತು. ಅಧಿಕಾರಿ ಕೈಮುಗಿದುಕೊಂಡು ನಿಂತೇ ಇದ್ದ. ಹೊಸ ಅಪ್ಪಣೆ ಬರೆಯಲಿಲ್ಲ.

ಗುರುಗಳು ಮೀಸೆಯಿಂದ ಕೈ ತೆಗೆದರು. ಚನ್ನವೀರ, “ನಾನೂ ಎಲ್ಲವನ್ನೂ ಅಡ್ಡಗಟ್ಟಿದ್ದೇನಲ್ಲ ಗುರುಗಳೇ?” ಎಂದ.

“ಡಬ್ಬಿ ಚೆನ್ನಾಗಿಯೇ ಮಾಡಿದ್ದೀಯ ಮಗ, ನಾಲ್ಕೂರು ಭೇಷ್ ಎನ್ನಲೆಂದು ಒಳಗೆ ಉಜ್ಜುವುದನ್ನು ಬಿಡು.”

ಚನ್ನವೀರ ಕಟ್ಟಿಟ್ಟ ಗಂಟು ಮೂಲೆಯಲ್ಲೇ ಉಳಿಯಿತು.