ಅಳಲೆಕಾಯಿ ನೀರಿನ ತೀರ್ಪು

ಬಣ್ಣಗಾರರ ಬೀದೀಲಿ ಕೆಂಚ ಅಂತ ಒಬ್ಬನಿದ್ದ. ಮನಸ್ಸು ಬಂಗಾರ, ತಲೆ ಮಾತ್ರ ಬರೀ ಬುರುಡೆ. ಬೀದಿಗೆ ಯಜಮಾನನಾಗಿದ್ದ ಅವರಪ್ಪ ತೀರಿಕೊಂಡ, ಯಜಮಾನಿಕೆ ಮಗನ ಪಾಲಿಗೆ ಬಂತು. ತಾಯಿ ನಿಂಗವ್ವ ತಲೆ ಮೇಲೆ ಕೈ ಹೊತ್ತು ಕೂತಳು.

ಆ ಬೀದಿಯ ಕಟ್ಟಳೆ ಏನಪ್ಪಾ ಅಂದ್ರೆ, ಬಣ್ಣ ಹಾಕೋ ಹೊಸ ದಾರಿ ಕಂಡುಕೊಂಡವರು ಯಜಮಾನನ ಕಿವೀಲಿ ಹೇಳಬೇಕು. ಯಾವ ಬಣ್ಣಗಾರನಿಗಾದರೂ ಹೊಳೆಯುವಂಥದ್ದಾದರೆ ಅದು ಎಲ್ಲರ ಸೊತ್ತು. ಹೊಳೆಯದಂಥದ್ದಾದರೆ ಮೂರು ವರ್ಷ ಕಂಡುಕೊಂಡವರೊಬ್ಬರದೇ.

ಮೊದಲು ಒಬ್ಬ ಬಂದ. "ನಾನು ನೀರು ಕಾಯಿಸಿ ಬಣ್ಣ ಕಲಸ್ತೀನಿ ಯಜಮಾನ್ರೇ."

"ಹೌದಾ? ನಂಗೆ ಗೊತ್ತೇ ಇರಲಿಲ್ಲ. ಹೊಸದೇ ಸರಿ, ನಿನ್ನದೇ," ಅಂದ ಕೆಂಚ. ಮಿಕ್ಕವರೆಲ್ಲ ತಣ್ಣೀರಲ್ಲೇ ಬಣ್ಣ ಕದಡುತ್ತಾ ಕೂತರು.

"ಅಯ್ಯೋ ನನ್ನ ಕರ್ಮವೇ," ಅಂದಳು ನಿಂಗವ್ವ. "ನಿಂಗೆ ಗೊತ್ತಿಲ್ಲ ಅಂದ್ರೆ ಹೊಸದಾಗ್ತದೇನೋ? ಕಸುಬು ಬಲ್ಲವರನ್ನ ಕೇಳಬೇಕು."

"ಆಗಲಿ ಕಣವ್ವ."

ಇನ್ನೊಬ್ಬ ಬಂದ. ದಾಳಿಂಬೆ ಸಿಪ್ಪೇಲಿ ಏನೋ ಹೊಸ ಹಳದಿ ತೆಗೆದಿದ್ದ. ಕೆಂಚ ಕಸುಬು ಬಲ್ಲವರನ್ನೆಲ್ಲ ಕರೆದು, ಅವನು ಮಾಡಿದ್ದನ್ನ ಎಳೆಎಳೆಯಾಗಿ ಬಿಡಿಸಿ ಹೇಳಿ, "ಇದು ನಿಮಗೂ ಹೊಳೀತಿತ್ತಾ?" ಅಂದ. "ಹೊಳೀದೆ ಏನು," ಅಂದರು ಎಲ್ಲರೂ. ಪಾಪ, ಬಂದವನು ಅಳುಮೋರೆ ಹಾಕ್ಕೊಂಡು ಹೋದ.

"ಮಂಕುದಿಣ್ಣೆ," ಅಂದಳು ತಾಯಿ. "ಹೇಳಿಕೊಟ್ಟ ಮೇಲೆ ಎಲ್ಲಾ ಸುಲಭವೇ. ಬಾಯಿ ಬಿಡಬೇಡ. ಹೇಳದೇನೇ ಹೊಳೀತದಾ ನೋಡು."

"ಆಗಲಿ ಕಣವ್ವ."

ಆಮೇಲೆ ಬಂದಳು ಪುಟ್ಟಗೌರಮ್ಮ. ಗಂಡ ಇಲ್ಲ, ಇರೋದು ಒಂದೇ ಬಣ್ಣದ ಗುಡಾಣ. ನೂಲನ್ನ ಮೊದಲು ಅಳಲೆಕಾಯಿ ನೀರಲ್ಲಿ ನೆನೆಸಿ, ಆಮೇಲೆ ಕೆಂಪಿಗೆ ಹಾಕ್ತೀನಿ ಅಂತ ಕಿವೀಲಿ ಹೇಳಿದಳು. ಎಷ್ಟು ಒಗೆದರೂ ಅವಳ ಕೆಂಪು ಬಿಡ್ತಿರಲಿಲ್ಲ.

"ಅದೇನು ಮಾಡ್ತಾಳೋ, ಯಾರಿಗಾದರೂ ಹೊಳೀತದೆ ಬಿಡಿ," ಅಂದ ಚೌಡಪ್ಪ. ಅವನು ಸಾಲುಸಾಲು ಗುಡಾಣದ ಸಾಹುಕಾರ. ತೀರ್ಪು ಅವನ ಕಡೆ ಹೋದ್ರೆ ಅವಳ ಒಲೆ ಆರಿದ ಹಾಗೇ.

ಕೆಂಚ ಚೌಡಪ್ಪನನ್ನೂ ಸೇರಿಸಿ ಎಲ್ಲರನ್ನೂ ಕಟ್ಟೆಗೆ ಕರೆದ. ನೂಲು, ಒಂದು ಗುಡಾಣ ಕೆಂಪು ಬಣ್ಣ, ಅಳಲೆಕಾಯಿ ಮುಂದಿಟ್ಟ.

"ಹೂಂ, ಮಾಡಿ."

"ಏನು ಮಾಡೋದು ಯಜಮಾನ್ರೇ?"

"ಹೇಳಂಗಿಲ್ಲ."

"ನೂಲಿಗೋ, ಸೀರೆಗೋ?"

"ಅದನ್ನೂ ಹೇಳಂಗಿಲ್ಲ."

ಒಬ್ಬ ಕಟ್ಟೆಗೇ ಕೆಂಪು ಬಳಿದ. ಇನ್ನೊಬ್ಬ ಅಳಲೆಕಾಯಿ ಕುಟ್ಟಿ ತನ್ನ ಕೆಮ್ಮಿಗೆ ನುಂಗಿದ. ಚೌಡಪ್ಪ ಸಿಟ್ಟಲ್ಲಿ ಎದ್ದವನು ಜಾರಿ ಗುಡಾಣಕ್ಕೆ ಬಿದ್ದು ತಾನೇ ಕೆಂಪಾದ.

"ಯಾರಿಗೂ ಹೊಳೀಲಿಲ್ಲ. ಪುಟ್ಟಗೌರಮ್ಮನದೇ," ಅಂದ ಕೆಂಚ. ಕಟ್ಟೆ ಮೇಲೆ ಆಡಿದ ಮಾತು ಮತ್ತೆ ಬದಲಾಗೋ ಹಾಗಿಲ್ಲ, ನೋಡಿ. ಬೀದಿಯೆಲ್ಲ ಹೋ ಅಂತ ನಕ್ಕಿತು.

ನಿಂಗವ್ವನಿಗೆ ಹಿಗ್ಗೋ ಹಿಗ್ಗು. "ಪಾಪ, ಅವಳು ಎದೆ ಹಿಡ್ಕೊಂಡು ಮನೇಲಿ ಕೂತವಳೆ. ಓಡಿಹೋಗಿ ಸುದ್ದಿ ಮುಟ್ಟಿಸೋ ಮಗನೇ."

ಕೆಂಚ ಓಡಿದ. ಪುಟ್ಟಗೌರಮ್ಮನ ಬಾಗಿಲಲ್ಲಿ ಬಾಯಿ ಬಿಗಿದುಕೊಂಡು ನಿಂತ.

"ಏನಾಯ್ತಪ್ಪಾ? ಸೋತೆನಾ?"

ಇಲ್ಲ ಅಂತ ತಲೆ ಆಡಿಸಿದ.

"ಹಂಗಾದ್ರೆ ಗೆದ್ದೆನಾ?"

ಕೆಂಚ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಗೌರಮ್ಮಕ್ಕ, ನಾನು ಹೇಳದೇನೇ ನಿಂಗೆ ಹೊಳೆದುಬಿಡ್ತಲ್ಲ. ಹಂಗಾದ್ರೆ ನೀನು ಗೆದ್ದಿದ್ದೂ ಎಲ್ಲರ ಸೊತ್ತು. ತಡಿ, ಚೌಡಪ್ಪನಿಗೂ 'ನೀನೂ ಗೆದ್ದೆ' ಅಂತ ಹೇಳಿ ಬರ್ತೀನಿ."

ಪುಟ್ಟಗೌರಮ್ಮ ನಕ್ಕು ನಕ್ಕು ಸುಸ್ತಾಗಿ ಗುಡಾಣದ ಕೆಳಗೆ ಬೆಂಕಿ ಹಚ್ಚಿದಳು. ಸುದ್ದಿ ಕಿವಿಗೆ ಬಿದ್ದ ನಿಂಗವ್ವ ಪೊರಕೆ ಹಿಡಿದು ಮಗನ ಹಿಂದೆ ಓಡಿದಳು.