ಕೇತಿ ಕೊಟ್ಟ ಪೊರಕೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ಬೇಡ, ಸುಮ್ನೆ ಕಣ್ಣು ಮುಚ್ಚು, ಒಂದು ದೊಡ್ಡ ಕಾಡಿತ್ತಂತೆ. ಕಾಡಿನ ನಡುವೆ ಒಂದು ದೊಣೆ, ಬಂಡೆ ಗುಂಡಿಯಲ್ಲಿ ನೀರು ಊರೋದು. ಪಕ್ಕದ ಹಾಡಿಯಲ್ಲಿ, ಅಂದ್ರೆ ಕಾಡಿನ ಜನರ ಪುಟ್ಟ ಊರಲ್ಲಿ, ಜೇನು ಕೀಳೋ ಕೇತಿ ಅನ್ನೋ ಹೆಂಗಸು ಇದ್ಳಂತೆ. ಹಗಲು ಹಾಡಿಯವರು ನೀರು ತುಂಬ್ಕೋಬೇಕು, ಹೊತ್ತಿಳಿದ ಮೇಲೆ ದೊಣೆ ಆನೆಗಳಿಗೆ ಬಿಡಬೇಕು, ಇದು ಅವರ ಕಟ್ಟಳೆ. ಇನ್ನೊಂದು ಕಟ್ಟಳೆ, ಬಂದ ನೆಂಟರಿಗೆ ಮೂರು ದಿನ ಜಾಗ ಇಲ್ಲ ಅನ್ನೋ ಹಾಗಿಲ್ಲ, ನಾಲ್ಕನೇ ದಿನ ನೆಂಟ ತನ್ನ ಒಲೆ ಬೂದಿ ತಾನೇ ಗುಡಿಸಿ ಹೊರಡಬೇಕು.

ಒಂದಿನ ಒಬ್ಬ ಸಾಹುಕಾರ ಬಂದು, ದೊಣೆ ಪಕ್ಕ ಚೂರು ಜಾಗ ಕೊಡ್ತೀಯೇನಮ್ಮಾ ಅಂದ್ನಂತೆ. ಕೇತಿ ನಕ್ಕು, ಕಾಡೇನು ನಮ್ಮಪ್ಪಂದಾ, ಇರಿ ಅಂದ್ಬಿಟ್ಳಂತೆ. ಅಯ್ಯೋ ಪೆದ್ದಿ! ಅಂಥವನ ಹತ್ರ ಅಂಥ ಮಾತಾಡ್ತಾರಾ? ಅವನು ನೆಟ್ಟಗೆ ರಾಜನ ಹತ್ರ ಹೋಗಿ, ಅದು ಯಾರಪ್ಪಂದೂ ಅಲ್ಲದ ಜಾಗವಂತೆ, ಅಲ್ಲಿಯವರೇ ಹೇಳಿದ್ರು ಅಂತ ಕಾಗದಕ್ಕೆ ಮುದ್ರೆ ಒತ್ತಿಸ್ಕೊಂಡ. ಆಮೇಲೆ ಬೇಲಿ ಹಾಕ್ದ, ಆಮೇಲೆ ರೆಸಾರ್ಟು ಅಂತ ಮೋಜಿನ ಮನೆ ಕಟ್ದ, ಆಮೇಲೆ ಬಂದವರು ಈಜಾಡೋಕೆ ನೀಲಿ ತೊಟ್ಟಿ ಮಾಡಿ ದೊಣೆ ನೀರೆಲ್ಲ ಅದಕ್ಕೇ ತಿರುಗಿಸ್ದ. ಹಾಡಿಯ ಕೊಡಗಳು ಬರಿದಾದ್ವು. ಆನೆಗಳು ದಿನಾ ಸಂಜೆ ಬಂದು ಬೇಲಿ ಮೂಸಿ ವಾಪಸ್ಸು ಹೋಗ್ತಿದ್ವಂತೆ.

ಕೇತಿಗೆ ತಾನಾಡಿದ ಮಾತೇ ಗಂಟಲಲ್ಲಿ ಮುಳ್ಳಾಯ್ತು. ಮೊದಲು ಶಾನುಭೋಗನ ಹತ್ರ ಹೋದ್ಳು. ಅವನು ನಕ್ಷೆ ಹರಡಿ, ಇದರಲ್ಲಿ ಖಾಲಿ ಜಾಗ ಅಂತಿದೆ, ದೊಣೆಯೂ ಇಲ್ಲ, ನೀನೂ ಇಲ್ಲ ಅಂದ. ಎದುರಿಗೆ ನಿಂತವಳಿಗೆ! ಆಮೇಲೆ ಮಂತ್ರಿ ಹತ್ರ ಹೋದ್ಳು. ಅಳ್ಬೇಡ, ಅಲ್ಲೇ ನೆಲ ಒರೆಸೋ ಕೆಲಸ ಕೊಡಿಸ್ತೀನಿ ಅಂದ ಅವನು. ಒರೆಸೋಕೆ ನೀರು ಎಲ್ಲಿಂದ ತರಲಿ ಸ್ವಾಮಿ ಅಂದ್ರೆ, ಊಟದ ಹೊತ್ತಾಯ್ತು ಅಂತ ಎದ್ದು ಹೋದ. ಕೇಳಿದ್ರೆ ಮೈ ಉರಿಯುತ್ತೆ ನನಗೆ. ಆಮೇಲೆ ರಾಜನ ಹತ್ರ ಹೋದ್ಳು. ರಾಜ ಆಕಳಿಸ್ತಾ, ನಾನೇ ಬಂದು ಮೂರು ದಿನ ಇದ್ದು ನೋಡ್ತೀನಿ ಅಂದ್ನಂತೆ.

ಬಂದ, ತಿಂದ, ಈಜಾಡ್ದ. ನೋಡೋದು ಮಾತ್ರ ಮರೆತ. ಮೂರನೇ ದಿನ ಸಂಜೆ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ, ಬಾಯಾರಿದ ಆನೆಗಳು ಬೇಲಿ ಮುರ್ಕೊಂಡು ಒಳಗೆ ಬಂದ್ವಂತೆ. ಆನೆಗೇನು ಮುದ್ರೆ ಓದೋಕೆ ಬರುತ್ತಾ? ರಾಜ ಒದ್ದೆ ಪಂಚೆಯಲ್ಲೇ ಓಡಿ ಕೇತಿ ಗುಡಿಸಲಿಗೆ ನುಗ್ಗಿದ. ಹೆದರಿಕೆಗೆ ಗಂಟಲು ಒಣಗಿ, ನೀರು ಕೊಡು ತಾಯಿ ಅಂದ. ಕೇತಿ ಸೋರೆಬುರುಡೆ ಬೋರಲು ಹಾಕಿ ತೋರಿಸಿದ್ಳು. ನೀರಿಲ್ಲ ಒಡೆಯಾ, ನೀನು ಕೊಟ್ಟ ಕಾಗದ ಇದೆಯಲ್ಲ, ಅದನ್ನ ಹಿಂಡಿ ಕುಡಿ ಅಂದ್ಳಂತೆ.

ಆಗ ಬುದ್ಧಿ ಬಂತು ನೋಡು, ತನ್ನ ನಾಲಿಗೆ ಒಣಗಿದ ಮೇಲೆ! ಕಾಗದ ತರಿಸಿ ಹರಿದು ಹಾಕ್ದ. ನಾಲ್ಕನೇ ದಿನ ಬೆಳಿಗ್ಗೆ ಸಾಹುಕಾರ ಬೇಲಿ ಕಿತ್ತು, ತೊಟ್ಟಿ ಒಡೆದು, ತನ್ನ ಒಲೆ ಬೂದಿ ತಾನೇ ಗುಡಿಸಿ ಹೊರಟ. ಅಷ್ಟಾದ್ರೂ ದೊಣೆ ಮೊದಲಿನ ಹಾಗೆ ತುಂಬೋಕೆ ಮೂರು ಮಳೆಗಾಲ ಹಿಡೀತಂತೆ.

ಆಮೇಲಿಂದ ಯಾರು ಬಂದು ಜಾಗ ಕೇಳಿದ್ರೂ ಕೇತಿ, ಕಾಡು ನಮ್ಮಪ್ಪಂದಲ್ಲ, ನಿಮ್ಮಪ್ಪಂದೂ ಅಲ್ಲ, ಇರಿ ಅಂತ ಹೇಳಿ, ಚಾಪೆಗಿಂತ ಮೊದಲು ಪೊರಕೆ ತಂದು ಕೈಗೆ ಕೊಡ್ತಿದ್ಳಂತೆ. ದೊಣೆ ತುಂಬ್ತು, ಆನೆ ಕುಡೀತು, ನನ್ನ ಕತೆಯೂ ಮುಗೀತು. ಇನ್ನಾದ್ರೂ ಮಲಗ್ತೀಯೋ ಇಲ್ವೋ?