ಏಳನೇ ಅಂತಸ್ತಿನ ಅಳತೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಬರೆಯುವುದು ನನಗೆ ಇದೇ ಮೊದಲು, ಚೆನ್ನಾಗಿ ಬರುವುದಿಲ್ಲ. ವಿವರಿಸಿದ್ದು ಹೆಚ್ಚಾದರೆ ಸಹಿಸಿಕೊಳ್ಳಿ.

ಬಿಜ್ಜರಸನ ರಾಜ್ಯದಲ್ಲಿ ಡಂಗುರ ಸಾರಿದರು: “ಅರಸರು ಕಟ್ಟಿಸುತ್ತಿರುವ ಏಳಂತಸ್ತಿನ ಗೋಪುರದಿಂದ ಆಳುಗಳು ಬೀಳುತ್ತಿದ್ದಾರೆ. ಆ ಜಾಗ ಎಷ್ಟು ಕ್ಷೇಮವೆಂದು ಅಳೆಯಬಲ್ಲವರು ರಾಜಕುಮಾರಿಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಗೋಪುರದ ಅಧಿಕಾರ. ತಪ್ಪಿದವರ ತಲೆ ಹೋಗುತ್ತದೆ.”

ಕ್ಷೇಮವೆಂದರೆ ಇಲ್ಲಿ ಊಟ, ನಿದ್ದೆಯ ಕ್ಷೇಮವಲ್ಲ. ಬೆಳಿಗ್ಗೆ ಹತ್ತಿದವರು ಸಂಜೆ ತಾವಾಗಿ ಇಳಿಯುತ್ತಾರೋ ಇಲ್ಲವೋ ಎಂಬುದು.

ಮೊದಲು ಮಂತ್ರಿಯ ಅಳಿಯ ಬಂದ. ರಾಜಕುಮಾರಿ ಮಾಚಲದೇವಿ ಕೇಳಿದಳು: “ನಾನು ನೋಡಲು ಹೋದರೆ ಬೆಳೆಯುತ್ತದೆ, ಬೆನ್ನು ತಿರುಗಿಸಿದರೆ ಕರಗುತ್ತದೆ. ಏನದು?”

“ತಮ್ಮ ಕೀರ್ತಿ, ದೇವಿ.”

“ನಿನ್ನ ತಲೆಯಲ್ಲಿರುವುದು ಗಾರೆಯೇ? ಗಾರೆಯಾದರೂ ಒಂದು ದಿನ ಗಟ್ಟಿಯಾಗುತ್ತದೆ.”

ಅವನನ್ನು ಸೆರೆಗೆ ಹಾಕಿದರು. ಅದೇ ಒಗಟಿಗೆ ಸೇನಾಪತಿಯ ಮಗ “ಹೆದರಿಕೆ” ಎಂದ.

“ಹತ್ತಿರ ಬಂದೆ. ಹತ್ತಿರ ಬಂದವನಿಗೂ ಕತ್ತು ಒಂದೇ.” ಅವನೂ ಸೆರೆ ಸೇರಿದ.

ಮೂರನೆಯವನು ಬೊಪ್ಪ. ಆಳುಗಳು ಎತ್ತರದಲ್ಲಿ ನಿಲ್ಲಲು ಬಿದಿರು, ಹಲಗೆ ಸೇರಿಸಿ ಸಾರುವೆ ಕಟ್ಟುವವನು. ಅವನ ಹೆಂಡತಿ ನಾಗವ್ವೆ ಏಳನೇ ಅಂತಸ್ತಿಗೆ ಗಾರೆ ಹೊರುತ್ತಿದ್ದಳು. ಅವಳ ಕಾಲ ಕೆಳಗಿನ ಹಲಗೆ ಕಟ್ಟಿದ ಹಗ್ಗ ಸವೆದಿತ್ತು. ಅದನ್ನು ಬದಲಿಸುವ ಅಧಿಕಾರ ಬೇಕಾಗಿಯೇ ಅವನು ಬಂದದ್ದು.

“ಕಾಲಾದರೂ ತೊಳೆದು ಬರಬಾರದಿತ್ತೇ?” ಎಂದಳು ರಾಜಕುಮಾರಿ.

“ಈ ಸುಣ್ಣ ತೊಳೆದರೆ ಹೋಗುವುದಿಲ್ಲ, ದೇವಿ. ಹೊತ್ತು ಹೋಗುತ್ತದೆ.”

ಮೊದಲ ಒಗಟಿಗೆ ಅವನು ಹೇಳಿದ: “ಎಚ್ಚರಿಕೆ. ತಾವು ಬರುವ ದಿನ ಮೇಸ್ತ್ರಿ ಚಾವುಂಡ ಉಗ್ರಾಣದಿಂದ ಹೊಸ ಹಗ್ಗ ತೆಗೆಸುತ್ತಾನೆ. ತಮ್ಮ ಪಲ್ಲಕ್ಕಿ ತಿರುಗಿದೊಡನೆ ಬಿಚ್ಚಿಸಿ ಹಳೆಯದನ್ನೇ ಕಟ್ಟಿಸುತ್ತಾನೆ. ಬಿಚ್ಚುವವನು ನಾನೇ.”

“ಆಡಿದವನಿಗೆ ಏಟು, ಆಡದವನಿಗೆ ಸಾವು. ಏನದು?”

“ಹಗ್ಗ ಸವೆದಿದೆ ಎಂಬ ಮಾತು. ಹೋದ ತಿಂಗಳು ಆಡಿದ್ದೆ.” ಬೊಪ್ಪ ತಿರುಗಿ ನಿಂತು ಬೆನ್ನ ಮೇಲಿನ ಬಾಸುಂಡೆ ತೋರಿಸಿದ.

“ಗೋಪುರದಲ್ಲಿ ನೂರು ಜನರನ್ನು ಕೇಳಿದೆ. ನೂರೂ ಜನ ‘ಎಲ್ಲ ಕ್ಷೇಮ’ ಎಂದರು. ಆದರೂ ನನಗೇನೂ ತಿಳಿಯಲಿಲ್ಲ. ಯಾಕೆ?”

“ಆಗ ಚಾವುಂಡ ಎಲ್ಲಿ ನಿಂತಿದ್ದ?”

“ನನ್ನ ಪಕ್ಕದಲ್ಲಿ.”

“ಅದೇ ಉತ್ತರ. ಅವನು ಪಕ್ಕದಲ್ಲಿರುವಾಗ ಜನ ಮಾತಾಡುವುದು ಅವನ ಜೊತೆ, ತಮ್ಮ ಜೊತೆಯಲ್ಲ. ಅವನನ್ನು ಇಲ್ಲೇ ಕೂರಿಸಿ ತಾವೊಬ್ಬರೇ ಹತ್ತಿ, ಏಳನೇ ಅಂತಸ್ತಿನ ಹೆಂಗಸರ ಕಿವಿ ನೋಡಿ ಬನ್ನಿ.”

ಅವಳು ಹತ್ತಿದಳು. ಹದಿನೆಂಟು ಹೆಂಗಸರಿದ್ದರು. ಒಬ್ಬಳ ಕಿವಿಯಲ್ಲೂ ಓಲೆ ಇರಲಿಲ್ಲ.

“ಓಲೆ ಎಲ್ಲಿ?” ಎಂದು ನಾಗವ್ವೆಯನ್ನು ಕೇಳಿದಳು.

“ಹತ್ತುವ ಮೊದಲು ದಿನಾ ಬಿಚ್ಚಿ ಅತ್ತೆ ಕೈಗೆ ಕೊಡುತ್ತೇನೆ, ತಾಯಿ. ನಾನು ಬಿದ್ದರೂ ಮಗಳಿಗೆ ಇರಲಿ ಅಂತ. ಎಲ್ಲರೂ ಕೊಡುತ್ತಾರೆ.”

ರಾಜಕುಮಾರಿ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದಳು. ಅಂದೇ ಗೋಪುರದ ಅಧಿಕಾರ ಬೊಪ್ಪನಿಗೆ ಬಂತು, ಹೊಸ ಹಗ್ಗ ಮೇಲೇರಿತು. ಚಾವುಂಡ ಏಳನೇ ಅಂತಸ್ತಿಗೆ ಗಾರೆ ಹೊತ್ತ. ಸೆರೆಯಲ್ಲಿದ್ದ ಇಬ್ಬರನ್ನು ಹಗ್ಗ ಹೊಸೆಯಲು ಕೂರಿಸಿದರು. ಅವರ ತಲೆ ತೆಗೆದರೆ ಯಾರಿಗೂ ನಷ್ಟವಿರಲಿಲ್ಲ, ಆದರೆ ಕೈಗಳು ಬೇಕಿದ್ದವು.

ಓಲೆಯ ಅಳತೆ ಯಾಕೆ ಸರಿ ಎಂಬುದನ್ನೂ ಹೇಳಿಬಿಡುತ್ತೇನೆ. ಬಿದ್ದವರನ್ನು ಎಣಿಸಿದರೆ ಆಗಿಹೋದದ್ದು ಮಾತ್ರ ತಿಳಿಯುತ್ತದೆ. ಓಲೆ ಬಿಚ್ಚಿಟ್ಟವರು ಇನ್ನೂ ಬಿದ್ದಿಲ್ಲ, ಆದರೆ ಬೀಳಬಹುದೆಂದು ಅವರಿಗೆ ಪ್ರತಿ ಬೆಳಿಗ್ಗೆಯೂ ಮೊದಲೇ ಗೊತ್ತು, ಅಂದರೆ ಕಾಲಿಡುವುದಕ್ಕೂ ಮೊದಲೇ... ಯಾರೋ ಕೆಳಗಿನಿಂದ ನನ್ನನ್ನು ಕೂಗುತ್ತಿದ್ದಾರೆ, ಕತೆ ಇಲ್ಲಿಗೇ ನಿಲ್ಲಿಸುತ್ತೇನೆ. ಬಂದೆ!